ಕಲ್ಲಿನ ಮೇಲೆ ಬೆಳೆದ ಕಳ್ಳಿ

ಅರಿಜೋನಾದ ಸಗ್ವಾರೊ ಕಳ್ಳಿಯ ಚಿತ್ರ. ಕೆಳಗೆ ಪೆನ್ಸಿಲ್ ಸಹಿ, ಪಕ್ಕದಲ್ಲಿ 12/50 ಅಂತ ಸಂಖ್ಯೆ, ಅಂದರೆ ಐವತ್ತು ಪ್ರತಿಗಳಲ್ಲಿ ಹನ್ನೆರಡನೆಯದು. ಹೆಸರು ‘ಲಿಥೋಗ್ರಾಫ್’, ಅಂದರೆ ಕಲ್ಲಚ್ಚು. ಆದರೆ ಕಲಾವಿದರು ಕಲ್ಲಿನ ಮೇಲೇ ಬರೆದದ್ದೋ, ಪೇಂಟಿಂಗಿನ ಫೋಟೊ ತೆಗೆದು ಆಫ್‌ಸೆಟ್ ಮೆಷಿನ್‌ನಲ್ಲಿ ಒತ್ತಿದ್ದೋ? ಎರಡನ್ನೂ ಹಾಗೇ ಕರೆಯುತ್ತಾರೆ.

1796ರ ಸುಮಾರಿಗೆ ಬವೇರಿಯಾದ ಅಲೋಯಿಸ್ ಸೆನೆಫೆಲ್ಡರ್ ಕಲ್ಲಚ್ಚು ಕಂಡುಹಿಡಿದದ್ದು ತನ್ನ ನಾಟಕಗಳನ್ನು ಅಗ್ಗವಾಗಿ ಅಚ್ಚು ಹಾಕಲು. ಜಿಡ್ಡಿಗೂ ನೀರಿಗೂ ಆಗಿಬರುವುದಿಲ್ಲ, ಅಷ್ಟೇ ಗುಟ್ಟು: ಜಿಡ್ಡಿನಲ್ಲಿ ಬರೆದ ಕಡೆ ಶಾಯಿ ಹಿಡಿಯುತ್ತದೆ, ಒದ್ದೆ ಕಲ್ಲಿಗೆ ಹಿಡಿಯುವುದಿಲ್ಲ. 1848ರಲ್ಲಿ ಅಮೆರಿಕದ ಸೇನಾಧಿಕಾರಿ ವಿಲಿಯಂ ಎಮೊರಿಯ ವರದಿಯಲ್ಲಿ ನೈಋತ್ಯದ ಮರುಭೂಮಿ, ಅಲ್ಲಿನ ಕಳ್ಳಿ ಕಲ್ಲಚ್ಚಿನಲ್ಲೇ ಬಂದವು. ಆಗ ಅದು ಬರೀ ಮಾಹಿತಿ. ಆಮೇಲೆ ಫೋಟೊ ಬಂತು, ಆಫ್‌ಸೆಟ್ ಬಂತು, ಕಲ್ಲುಗಳು ಮೂಲೆ ಸೇರಿದವು.

ಅವುಗಳ ಧೂಳು ಕೊಡವಿದ್ದು ಅಮೆರಿಕದ ಕಲಾವಿದೆ ಜೂನ್ ವೇಯ್ನ್. 1960ರಲ್ಲಿ ಲಾಸ್ ಏಂಜಲಿಸ್‌ನಲ್ಲಿ, ಫೋರ್ಡ್ ಫೌಂಡೇಶನ್ ಹಣದಿಂದ ‘ಟ್ಯಾಮರಿಂಡ್’ ಕಾರ್ಯಾಗಾರ ತೆರೆದರು. ಹುಣಸೆಗೂ ಅದಕ್ಕೂ ಸಂಬಂಧವಿಲ್ಲ, ಬೀದಿಯ ಹೆಸರು ಅದು. 1970ರಲ್ಲಿ ಅದು ನ್ಯೂ ಮೆಕ್ಸಿಕೊದ ಅಲ್ಬುಕರ್ಕಿಗೆ ಹೋಯಿತು, ಅಂದರೆ ಕಳ್ಳಿಗಳ ಸೀಮೆಗೇ.

ಅಲ್ಲಿನ ಕೆಲಸ ಹೀಗೆ. ಸುಣ್ಣಕಲ್ಲಿನ ಮೇಲೆ ಕಾರ್ಬೊರಂಡಂ ಪುಡಿ, ನೀರು ಹಾಕಿ ಉಜ್ಜುತ್ತಾರೆ. ಮೈ ತರಿತರಿಯಾಗುತ್ತದೆ. ಜಿಡ್ಡಿನ ಕ್ರೇಯಾನ್ ಎಳೆದರೆ ಗೆರೆ ಒಡೆದು ಮರಳು ಚೆಲ್ಲಿದ ಹಾಗೆ ಕಾಣುತ್ತದೆ. ‘ಟೂಶ್’ ಎಂಬ ಜಿಡ್ಡುಶಾಯಿಯನ್ನು ನೀರಿನಲ್ಲಿ ಕಲಸಿ ಬಿಟ್ಟರೆ, ಒಣಗುತ್ತಾ ಒಣಗುತ್ತಾ ಬತ್ತಿದ ಕೆರೆಯಂಗಳದಂತೆ ಬಿರಿಯುತ್ತದೆ. ಮರುಭೂಮಿ ಬರೆಯುವವರಿಗೆ ಇನ್ನೇನು ಬೇಕು, ಅಲ್ವಾ? ಆಮೇಲೆ ನೈಟ್ರಿಕ್ ಆಸಿಡ್ ಬೆರೆಸಿದ ಗೋಂದು ಸವರುತ್ತಾರೆ. ಆ ಗೋಂದು ಬರುವುದೂ ಸಹಾರಾದ ಅಂಚಿನ ಒಣನೆಲದ ಜಾಲಿ ಜಾತಿಯ ಮರದಿಂದಲೇ! ಶಾಯಿ ಉರುಳಿಸುವಾಗ ಸ್ಪಂಜಿನಿಂದ ಕಲ್ಲನ್ನು ಒದ್ದೆಯಾಗಿಯೇ ಇಡಬೇಕು. ಒಣಗಿದರೆ ಬೇಡದ ಕಡೆಯೂ ಶಾಯಿ ಹಿಡಿದು, ಆಕಾಶವೆಲ್ಲ ಕಪ್ಪು.

ಇಷ್ಟು ಪಾಡು ಪಟ್ಟದ್ದಕ್ಕೂ ಫೋಟೊ ಪ್ರತಿಗೂ ಒಂದೇ ಹೆಸರು ಸಲ್ಲುವುದೇ? 1961ರಲ್ಲಿ ಅಚ್ಚುಚಿತ್ರಗಳ ಸಂಸ್ಥೆಯಾದ ಪ್ರಿಂಟ್ ಕೌನ್ಸಿಲ್ ಆಫ್ ಅಮೆರಿಕ ಒಂದು ಗೆರೆ ಎಳೆಯಿತು: ಕಲ್ಲು ಅಥವಾ ತಗಡಿನ ಮೇಲಿನ ಚಿತ್ರವನ್ನು ಕಲಾವಿದರೇ ಮಾಡಿರಬೇಕು, ಮುದ್ರಿತ ಪ್ರತಿಯನ್ನು ಅವರೇ ಒಪ್ಪಿರಬೇಕು. ಆದರೂ ಗಂಟು ಬಿಡಲಿಲ್ಲ. ಆಫ್‌ಸೆಟ್‌ನಲ್ಲೂ ಇರುವುದು ಅದೇ ಜಿಡ್ಡು-ನೀರಿನ ಜಗಳ. ಹಾಗಾಗಿ ಆ ಪದ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅತ್ತ ಕಲ್ಲಿನ ಬದಲು ಅಲ್ಯೂಮಿನಿಯಂ ತಗಡಿನ ಮೇಲೆ ಕೈಯಾರೆ ಬರೆಯುವವರೂ ಇದ್ದಾರೆ. ಅದು ಅಸಲಿಯೇ.

ಸಹಿ ಎರಡರ ಮೇಲೂ ಇರಬಹುದು. ಭೂತಗನ್ನಡಿ ಹಿಡಿದು ಮುಳ್ಳುಗಳನ್ನು ನೋಡಿ. ಸಾಮಾನ್ಯವಾಗಿ ಫೋಟೊ ಪ್ರತಿಯಲ್ಲಿ ಸಾಲುಸಾಲಾಗಿ ಜೋಡಿಸಿದ ಚುಕ್ಕಿ ಇರುತ್ತದೆ. ಕೈಬರಹದ್ದರಲ್ಲಿ ಚುಕ್ಕಿಗಳಿಗೆ ಸಾಲೇ ಇಲ್ಲ.