ಏಜೆಂಟರ ಹತ್ತಿರ ‘ವರ್ಕ್ ವಿಸಾ ರೆಡಿ’ ಇರುತ್ತಾ?

ಪ್ರಶ್ನೆ: ನನ್ನ ತಮ್ಮ ಐಟಿಐ ಫಿಟ್ಟರ್ ಮುಗಿಸಿ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಮೈಸೂರಿನ ಏಜೆಂಟರೊಬ್ಬರು ‘ಜರ್ಮನಿ ವರ್ಕ್ ವಿಸಾ ರೆಡಿ ಇದೆ, ಒಟ್ಟು ನಾಲ್ಕು ಲಕ್ಷ, ಈಗ ಐವತ್ತು ಸಾವಿರ ಕೊಟ್ಟು ಹೆಸರು ಬರೆಸಿ’ ಅನ್ನುತ್ತಿದ್ದಾರೆ. ಕೊಡಬಹುದಾ ಸಾರ್? (ಮದ್ದೂರು ತಾಲ್ಲೂಕಿನ ಓದುಗರು)

ಬೇಡ.

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನನಗೇ ಲೆಕ್ಕವಿಲ್ಲ. ದೇಶ ಬದಲಾಗುತ್ತೆ, ಲಕ್ಷದ ಲೆಕ್ಕ ಬದಲಾಗುತ್ತೆ, ‘ವಿಸಾ ರೆಡಿ ಇದೆ’ ಅನ್ನುವ ಮಾತು ಮಾತ್ರ ಕದಲುವುದಿಲ್ಲ. ಕಬ್ಬಿನ ದುಡ್ಡು ಬಂದ ತಿಂಗಳಲ್ಲಿ ಇನ್ನೂ ಜೋರಾಗಿ ಕೇಳಿಸುತ್ತೆ. ಹಾಗಾಗಿ ಈ ಸಲ ಬೇರಿನಿಂದಲೇ ಕೀಳೋಣ.

ಕೈಕಸುಬಿನವರ ವರ್ಕ್ ವಿಸಾ ಏಜೆಂಟರ ಬೀರುವಿನಲ್ಲಿ ಹುಟ್ಟುವುದಿಲ್ಲ. ಆ ದೇಶದಲ್ಲಿ ಕೆಲಸ ಕೊಡುವ ಕಂಪನಿಯಿಂದ ಹುಟ್ಟುತ್ತೆ. ಜರ್ಮನಿಯನ್ನೇ ನೋಡಿ. ಅಲ್ಲಿನ ಮಾಲೀಕ ಯಾರನ್ನು, ಯಾವ ಕೆಲಸಕ್ಕೆ, ಎಷ್ಟು ಸಂಬಳಕ್ಕೆ ಕರೆಸಿಕೊಳ್ಳುತ್ತಿದ್ದೇನೆ ಎಂದು ನಮೂನೆಯಲ್ಲಿ ಬರೆದು ಸಹಿ ಹಾಕಬೇಕು. ಅಲ್ಲಿನ ಸರ್ಕಾರಿ ಉದ್ಯೋಗ ಸಂಸ್ಥೆ ಆ ಷರತ್ತುಗಳನ್ನು ನೋಡಿ ಒಪ್ಪಬೇಕು. ನಿಮ್ಮ ತಮ್ಮನ ಐಟಿಐ ಸರ್ಟಿಫಿಕೇಟು ಅಲ್ಲಿನ ಕಸುಬಿನ ತರಬೇತಿಗೆ ಸಮವೋ ಅಲ್ಲವೋ ಎಂದು ತೂಗುವುದಕ್ಕೆ ಬೇರೆಯದೇ ಕಚೇರಿಗಳಿವೆ. ಕೈಗಾರಿಕೆ ಕಡೆಯ ಕಸುಬುಗಳಿಗೆ ನ್ಯೂರೆಂಬರ್ಗ್‌ನಲ್ಲಿರುವ ಐಎಚ್‌ಕೆ ಫೋಸಾ. ಅರ್ಜಿ ಹಾಕಿ ವಿಸಾ ಪಡೆಯಬೇಕಾದವನು ನಿಮ್ಮ ತಮ್ಮನೇ. ಅದರ ಶುಲ್ಕ 75 ಯೂರೋ, ಅಂದರೆ ನಮ್ಮ ಏಳೆಂಟು ಸಾವಿರ. ಬೇಗ ಆಗಲಿ ಅಂದರೆ ಅದಕ್ಕೂ ದಾರಿ ಇದೆ, 411 ಯೂರೋ ಕಟ್ಟಿ ಮಾಲೀಕನೇ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ಅರ್ಜಿ ಹಾಕುತ್ತಾನೆ. ಇಷ್ಟರಲ್ಲಿ ಮೈಸೂರಿನ ಏಜೆಂಟ್ ‘ರೆಡಿ’ ಇಟ್ಟುಕೊಳ್ಳುವಂಥದ್ದು ಯಾವುದು? ನಿಮ್ಮ ತಮ್ಮನ ಹೆಸರು, ಪಾಸ್‌ಪೋರ್ಟ್ ಎರಡನ್ನೂ ಕಾಣದ ವಿಸಾ ಅವನಿಗಾಗಿ ಕಾಯುತ್ತಿರುವುದು ಹೇಗೆ?

ಬೇರೆ ದೇಶಗಳ ಕಥೆಯೂ ಇದೇ. ಬ್ರಿಟನ್ನಿನಲ್ಲಿ ಕಂಪನಿಗೆ ಸ್ಪಾನ್ಸರ್ ಲೈಸೆನ್ಸ್, ಅಂದರೆ ಹೊರದೇಶದವರನ್ನು ಕೆಲಸಕ್ಕೆ ಕರೆಸಿಕೊಳ್ಳುವ ಸರ್ಕಾರಿ ಪರವಾನಗಿ ಇರಬೇಕು. ಹಾಗೆ ಕರೆಸಿಕೊಳ್ಳುವುದಕ್ಕೆ ಕಂಪನಿ ಸರ್ಕಾರಕ್ಕೆ ಕಟ್ಟುವ ಕೌಶಲ್ಯ ಶುಲ್ಕವನ್ನು ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ಕೆನಡಾದಲ್ಲಿ ಹೊರಗಿನವರನ್ನು ಕರೆಸಿಕೊಳ್ಳಲು ಮಾಲೀಕ ಪಡೆಯಬೇಕಾದ ಸರ್ಕಾರಿ ಒಪ್ಪಿಗೆಯ, ಅಂದರೆ ಎಲ್‌ಎಂಐಎ ಅರ್ಜಿಯ 1,000 ಡಾಲರ್ ಮಾಲೀಕನ ತಲೆಯ ಮೇಲೆ. ಯುಎಇಯ 2021ರ ಕಾರ್ಮಿಕ ಕಾನೂನು ನೇಮಕಾತಿ ಖರ್ಚನ್ನು ಕೆಲಸಗಾರನ ಮೇಲೆ ಹೊರಿಸುವುದನ್ನೇ ನಿಷೇಧಿಸಿದೆ. ಪಹಣಿಯಲ್ಲಿ ಮಾಲೀಕರ ಕಾಲಂ ಖಾಲಿ ಇರುವ ಗದ್ದೆಗೆ ಯಾರಾದರೂ ಅಡ್ವಾನ್ಸ್ ಕೊಡುತ್ತಾರಾ? ಕಂಪನಿಯ ಹೆಸರಿಲ್ಲದ ವಿಸಾಗೆ ಮಾತ್ರ ಒಡವೆ ಅಡ ಇಟ್ಟು ಕೊಡುತ್ತೀರಿ.

ಈ ನಂಬಿಕೆ ಸುಮ್ಮನೆ ಬಂದಿದ್ದಲ್ಲ, ಅದನ್ನೂ ಹೇಳಬೇಕು. ಗಲ್ಫ್ ಕಂಪನಿಗಳು ‘ನಮಗೆ ಇಷ್ಟು ವೆಲ್ಡರ್ ಬೇಕು’ ಎಂದು ಇಲ್ಲಿನ ನೋಂದಾಯಿತ ಏಜೆಂಟರಿಗೆ ಡಿಮ್ಯಾಂಡ್ ಲೆಟರ್ ಮತ್ತು ಅಧಿಕಾರ ಪತ್ರ ಕೊಡುತ್ತವೆ. ಅದನ್ನೇ ಜನ ‘ವಿಸಾ ಇದೆ’ ಅಂದರು. ಆ ಡಿಮ್ಯಾಂಡಿನಲ್ಲೂ ಕಂಪನಿಯ ಹೆಸರು, ಸಂಬಳ, ಹುದ್ದೆ ಎಲ್ಲ ಬರೆದಿರುತ್ತೆ. ತೋರಿಸಿ ಎಂದು ಕೇಳಿ. ತೋರಿಸದಿದ್ದರೆ ಎದ್ದು ಬನ್ನಿ.

ನೋಂದಾಯಿತ ಏಜೆಂಟ್ ಹೌದೋ ಅಲ್ಲವೋ ಎಂದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಲೈಸೆನ್ಸ್ ನಂಬರ್ ಹಾಕಿ ನೋಡಬಹುದು. ಅಂಥವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಜೊತೆಗೆ ಜಿಎಸ್‌ಟಿ. ನಾಲ್ಕು ಲಕ್ಷ ಎಲ್ಲಿಂದ ಬಂತು? ನೋಂದಣಿ ಇಲ್ಲದೆ ಈ ದಂಧೆ ಮಾಡಿದರೆ 1983ರ ವಲಸೆ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. ದಂಡದ ಮೊತ್ತ ಓದಿ ನಗಬೇಡಿ, ಕಾಯ್ದೆ ಹಳೆಯದು. ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲೇ ಇಂಟರ್‌ನ್ಯಾಷನಲ್ ಮೈಗ್ರೇಷನ್ ಸೆಂಟರ್ ಇದೆ. ಏಜೆಂಟರ ಹತ್ತಿರ ಹೋಗುವ ಮುಂಚೆ ಅಲ್ಲಿ ವಿಚಾರಿಸಿ.

‘ವಿಸಿಟ್ ವಿಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳೋಣ’ ಅಂದರೆ? ದುಬೈನಲ್ಲಿ ಕಂಪನಿಯೇ ಪರ್ಮಿಟ್ ಮಾಡಿಸಿದರೆ ಬದಲಾಗುವುದುಂಟು, ಅಲ್ಲಿಯವರೆಗೆ ಕೆಲಸ ಮಾಡಿದರೆ ಅಪರಾಧ. ಜರ್ಮನಿಗೆ ಪ್ರವಾಸಿ ವಿಸಾದಲ್ಲಿ ಹೋದವನು ವಾಪಸ್ ಬಂದೇ ಅರ್ಜಿ ಹಾಕಬೇಕು.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಮನೆಯಲ್ಲಿ ಇನ್ನೊಬ್ಬ ತಮ್ಮನೋ ಅಕ್ಕನ ಮಗನೋ ಐಟಿಐ ಸೇರುವವನಿರುತ್ತಾನೆ. ‘ವೆಲ್ಡರ್ ಒಂದೇ ವರ್ಷ, ಬೇಗ ದುಡಿಮೆ’ ಎಂದು ಸೇರಿಸುತ್ತೀರಿ. ತಪ್ಪೇನಿಲ್ಲ. ಆದರೆ ಜರ್ಮನಿ 2024ರಲ್ಲಿ ತೆರೆದ ಎರಡು ಹೊಸ ದಾರಿಗಳಲ್ಲಿ, ಅಂದರೆ ಅನುಭವಸ್ಥರ ವಿಸಾ ಮತ್ತು ಅಲ್ಲಿಗೆ ಹೋಗಿ ಕೆಲಸ ಹುಡುಕಲು ಕೊಡುವ ಆಪರ್ಚುನಿಟಿ ಕಾರ್ಡ್‌ನಲ್ಲಿ, ಡಿಗ್ರಿ ಇಲ್ಲದವರಿಗೆ ಕನಿಷ್ಠ ಎರಡು ವರ್ಷದ, ತಮ್ಮ ದೇಶದ ಸರ್ಕಾರ ಮಾನ್ಯ ಮಾಡಿದ ತರಬೇತಿ ಇರಬೇಕು. ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್ ಎರಡು ವರ್ಷದ ಟ್ರೇಡುಗಳು. ವೆಲ್ಡರ್, ಪ್ಲಂಬರ್ ಒಂದೇ ವರ್ಷ. ಕೈಯಲ್ಲಿ ಎಷ್ಟೇ ಕಸುಬಿದ್ದರೂ ಈ ಒಂದು ವರ್ಷ ಕಾಗದದಲ್ಲಿ ಅಡ್ಡ ಬರುತ್ತೆ.

ಇನ್ನೊಂದು. ವೆಲ್ಡರ್‌ಗೆ ಎಂಟನೇ ಕ್ಲಾಸ್ ಪಾಸಾದವರೂ ಸೇರಬಹುದು. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ಆಗುತ್ತೆ, ಅಂದರೆ ಗಲ್ಫ್ ಕೆಲಸಕ್ಕೆ ಹೋಗುವಾಗ ವಲಸೆ ರಕ್ಷಣಾಧಿಕಾರಿಯ ಅನುಮತಿ ಬೇಕು, 10 ಲಕ್ಷದ ಪ್ರವಾಸಿ ಭಾರತೀಯ ವಿಮೆ ಕಡ್ಡಾಯ. ನಮ್ಮವರು ಇದನ್ನು ಕಿರಿಕಿರಿ ಅಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಒಪ್ಪಂದದ ಕಾಗದವನ್ನು ನಮ್ಮ ಸರ್ಕಾರದವರೊಬ್ಬರು ಕಣ್ಣಿಟ್ಟು ನೋಡುವುದು ಆಗ ಮಾತ್ರ. ಫಿಟ್ಟರ್ ಮುಗಿಸಿದ ನಿಮ್ಮ ತಮ್ಮ ಹತ್ತನೇ ಕ್ಲಾಸ್ ಪಾಸಾದವನು, ಅವನದು ಇಸಿಎನ್‌ಆರ್, ಅಂದರೆ ಆ ಅನುಮತಿ ಬೇಕಿಲ್ಲದ ಪಾಸ್‌ಪೋರ್ಟ್. ಆ ತಪಾಸಣೆ ಅವನಿಗಿಲ್ಲ, ಕಾಗದ ನೀವೇ ಓದಬೇಕು.