ಪ್ಲಗ್ ಅಲ್ಲಾಡದು, ರೌಟರನ್ನೇ ಎರಡು ಬೆರಳು ಸರಿಸಿ

ಬಾಲ್ಕನಿಯ ಸ್ಮಾರ್ಟ್ ಬಲ್ಬು ‘ಆಫ್‌ಲೈನ್’ ಅಂತ ತೋರಿಸಿದ ಕೂಡಲೇ ಇಂಟರ್ನೆಟ್ ಪ್ಲಾನನ್ನು 100ರಿಂದ 300 ಎಂಬಿಪಿಎಸ್‌ಗೆ ಏರಿಸುವವರಿದ್ದಾರೆ. ‘ಹತ್ತಿಕೋ’, ‘ಆರಿಹೋಗು’ ಎಂಬ ಅಪ್ಪಣೆ ಕೇಳಿಸಿಕೊಳ್ಳಲು ಬಲ್ಬಿಗೆ ಅಷ್ಟು ವೇಗ ಯಾಕೆ? ಇನ್ನು ಕೆಲವರು ರೌಟರಿಗೆ ‘ರೇಡಿಯೇಶನ್ ತಡೆಯುವ’ ಸ್ಟಿಕರ್ ಅಂಟಿಸಿ, ಅದೇ ಬಾಯಲ್ಲಿ ಸಿಗ್ನಲ್ ಇಲ್ಲವೆಂದು ಗೊಣಗುತ್ತಾರೆ. ಸ್ಟಿಕರ್ ಹೇಳಿದ ಕೆಲಸ ನಿಜವಾಗಿ ಮಾಡಿದ್ದರೆ ಮನೆಯಲ್ಲಿ ವೈ-ಫೈಯೇ ಇರುತ್ತಿರಲಿಲ್ಲ.

ಗೋಡೆಗಳ ಕಾಟ ಎಲ್ಲರಿಗೂ ಗೊತ್ತು. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಫೈಬರ್ ಕೇಬಲ್ ಬಂದು ನಿಲ್ಲುವುದು ಮುಂಬಾಗಿಲ ಹಿಂದಿನ ತಗಡಿನ ಡಬ್ಬಿಯಲ್ಲಿ. ರೌಟರನ್ನೂ ಅದರೊಳಗೇ ತುರುಕಿ ಮುಚ್ಚಿಬಿಡುತ್ತಾರೆ. ಹೊರತೆಗೆದು ಹಾಲ್‌ನಲ್ಲಿ, ಟಿವಿ ಮತ್ತು ಸ್ಟೀಲ್ ಬೀರುವಿನಿಂದ ದೂರ, ತಲೆಯೆತ್ತರದಲ್ಲಿ ಇಟ್ಟರೆ ಅರ್ಧ ತಕರಾರು ಮುಗಿಯಿತು. ಉಳಿದರ್ಧದಲ್ಲೇ ಸ್ವಾರಸ್ಯವಿರುವುದು.

ಸ್ಮಾರ್ಟ್ ಸಾಧನಗಳಲ್ಲಿ ಹೆಚ್ಚಿನವು ಬಳಸುವುದು 2.4 ಗಿಗಾಹರ್ಟ್ಸ್‌ನ ವೈ-ಫೈ ರೇಡಿಯೋ ಅಲೆ. ಆ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಕಲ್ಯಾಣಿಗೆ ಕಲ್ಲೆಸೆದರೆ ಮೆಟ್ಟಿಲಿಗೆ ಬಡಿದು ಮರಳುವ ಅಲೆ ಮುಂದೆ ಬರುವ ಅಲೆಗೆ ಎದುರಾಗಿ, ಕೆಲವೆಡೆ ನೀರು ಎತ್ತರಕ್ಕೆ ಏಳುತ್ತದೆ, ಕೆಲವೆಡೆ ಅಲುಗುವುದೇ ಇಲ್ಲ. ನಿಮ್ಮ ರೂಮಿನ ಗಾಳಿಯಲ್ಲೂ ಅದೇ ನಡೆದಿದೆ. ಬೀರು, ಕನ್ನಡಿ, ಕಿಟಕಿಯ ಕಬ್ಬಿಣದ ಗ್ರಿಲ್, ಎಲ್ಲವೂ ಅಲೆಗಳನ್ನು ಹಿಂದಕ್ಕೆ ದೂಡುತ್ತವೆ. ಎರಡು ಅಲೆಗಳು ನೇರ ಎದುರುಬದುರಾದರೆ ಉಬ್ಬಿಗೂ ಸ್ತಬ್ಧ ಜಾಗಕ್ಕೂ ನಡುವೆ ಇರುವುದು ಅಲೆಯುದ್ದದ ಕಾಲುಭಾಗ, ಅಂದರೆ ಮೂರು ಸೆಂಟಿಮೀಟರ್ ಚಿಲ್ಲರೆ. ಎರಡು ಬೆರಳಗಲ!

ರೇಡಿಯೋ ಅಲೆಗಳಲ್ಲಿ ಇದನ್ನು ಮೊದಲು ಹಿಡಿದವರು ಭೌತವಿಜ್ಞಾನಿ ಹೈನ್ರಿಕ್ ಹರ್ಟ್ಸ್. 1880ರ ದಶಕದ ಕೊನೆಯಲ್ಲಿ, ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ, ಪಾಠದ ಹಾಲ್‌ನ ಗೋಡೆಗೆ ಸತುವಿನ ದೊಡ್ಡ ತಗಡು ನಿಲ್ಲಿಸಿ ಅದರತ್ತ ಅಲೆ ಹಾಯಿಸಿದರು. ಕೈಯಲ್ಲಿ ತಂತಿಯ ಬಳೆ, ಅದರ ತುದಿಗಳ ನಡುವೆ ಕೂದಲೆಳೆಯ ಸಂದು. ಬಳೆ ಹಿಡಿದು ಹಿಂದೆ ಮುಂದೆ ಸರಿದಂತೆ ಸಂದಿನಲ್ಲಿ ಕಿಡಿ ಒಂದೆಡೆ ಹಾರಿತು, ಇನ್ನೊಂದೆಡೆ ಸತ್ತಿತು. ಅವರ ಅಲೆಗಳು ಮೀಟರುಗಟ್ಟಲೆ ಉದ್ದದವು, ಹಾಗಾಗಿ ಅಳೆಯಲು ಓಡಾಡಬೇಕಾಯಿತು. ಕಿಡಿ ಕಾಣಲು ಕತ್ತಲೆಯೂ ಬೇಕಿತ್ತು.

ನಿಮ್ಮ ಮೊಬೈಲು ಹರ್ಟ್ಸ್‌ರ ಆ ಬಳೆಯ ಹಾಗೆ ಕೈಯಲ್ಲಿ ಅಲ್ಲಾಡುತ್ತಲೇ ಇರುತ್ತದೆ. ಸ್ತಬ್ಧ ಜಾಗಕ್ಕೆ ಬಿದ್ದರೂ ಮರುಕ್ಷಣ ಆಚೆ. ಸಾಕೆಟ್ಟಿಗೆ ಚುಚ್ಚಿ ಮೊಬೈಲಿನಿಂದ ಆನ್-ಆಫ್ ಮಾಡುವ ಸ್ಮಾರ್ಟ್ ಪ್ಲಗ್ಗಿಗೆ ಆ ಭಾಗ್ಯವಿಲ್ಲ. ಸಾಕೆಟ್ ಎಲ್ಲಿದೆಯೋ ಅಲ್ಲೇ ಅದರ ಬಾಳು. ಆಂಟೆನಾ ಕೂಡ ಸಾಮಾನ್ಯವಾಗಿ ಒಂದೇ, ಸರ್ಕ್ಯೂಟ್ ಬೋರ್ಡಿನ ಅಂಚಿನಲ್ಲಿ ಹಾವಿನಂತೆ ಹರಿದ ತಾಮ್ರದ ಗೆರೆ. ‘ಮೊಬೈಲಿಗೆ ಫುಲ್ ಸಿಗ್ನಲ್ ಇದೆ, ಪ್ಲಗ್ಗೇ ಡಬ್ಬಾ’ ಅನ್ನುವವರು ಇದನ್ನು ಯೋಚಿಸುವುದಿಲ್ಲ.

ಪ್ಲಗ್ ಸರಿಯದಿದ್ದರೇನು, ರೌಟರ್ ಸರಿಯುತ್ತದಲ್ಲ. ಎರಡು ಬೆರಳು ಸರಿಸಿ ನೋಡಿ, ಆಂಟೆನಾ ಓರೆ ಮಾಡಿ ನೋಡಿ. ಉಬ್ಬುತಗ್ಗಿನ ನಕ್ಷೆಯೇ ಬದಲಾಗುತ್ತದೆ. ರೌಟರಿನ ಸೆಟ್ಟಿಂಗ್‌ನಲ್ಲಿ ವೈ-ಫೈ ಚಾನೆಲನ್ನು (ರೌಟರ್ ಬಳಸುವ ಅಲೆಯ ಪಟ್ಟಿ) 1ರಿಂದ 11ಕ್ಕೆ ಬದಲಿಸಿದರೂ ಅಲೆಯುದ್ದ ಶೇ 2ರಷ್ಟು ಬದಲಾಗಿ, ನಾಲ್ಕಾರು ಗೋಡೆಗೆ ಬಡಿದು ಬರುವಷ್ಟರಲ್ಲಿ ಅಲೆಗಳ ಹೊಂದಾಣಿಕೆ ಬೇರೆಯೇ ಆಗಬಹುದು. ಇಷ್ಟಾದರೂ ಬಗ್ಗದಿದ್ದರೆ ರಿಪೀಟರ್ ತನ್ನಿ, ಅಂದರೆ ರೌಟರಿನ ಸಿಗ್ನಲ್ ಹಿಡಿದು ಮತ್ತೆ ಹರಡುವ ಸಾಧನ. ಅದನ್ನು ಸಿಗ್ನಲ್ ಸತ್ತ ಮೂಲೆಯಲ್ಲಿ ಮಾತ್ರ ಚುಚ್ಚಬೇಡಿ, ಅಲ್ಲಿ ಅದಕ್ಕೂ ಏನೂ ಕೇಳಿಸದು. ಅರ್ಧ ದಾರಿಯಲ್ಲಿ, ಸಿಗ್ನಲ್ ಇನ್ನೂ ಗಟ್ಟಿಯಾಗಿರುವಲ್ಲಿ ಹಾಕಿ.