ಇದು ಕಹಿಯಲ್ಲ, ಒಗರು

ಬೆಂಗಳೂರಿನಲ್ಲಿ ನಾನು ನಡೆಸುವ ಶನಿವಾರದ ವೈನ್ ತರಗತಿಗೆ ಶಿರಸಿ ಕಡೆಯ ದಂಪತಿ ಬರುತ್ತಿದ್ದರು. ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ಮಗಳು ಫ್ರಾನ್ಸಿನ ಲಿಯೋಂನಲ್ಲಿದ್ದಾಳೆ. ಇವರು ಹೋದಾಗಲೆಲ್ಲ ಅಳಿಯ ಊಟದ ಮೇಜಿಗೆ ಒಂದು ಕೆಂಪು ವೈನ್ ತಂದಿಡುತ್ತಾನಂತೆ. "ಸುಮ್ನೆ ತಲೆ ಆಡಿಸಿ ಆಡಿಸಿ ಸಾಕಾಗಿದೆ ಮೇಡಂ, ಏನು ಕುಡೀತಿದೀವಿ ಅಂತಾದ್ರೂ ಗೊತ್ತಾಗ್ಲಿ" ಎಂದು ಸೇರಿಕೊಂಡಿದ್ದರು. ಮೊದಲ ದಿನವೇ ಅಳಿಯನ ಕಡೆಯ ವೈನನ್ನೇ, ರೋನ್ ನದಿ ಸೀಮೆಯ ಒಂದು ಕೋತ್ ದ್ಯು ರೋನ್ ಕೆಂಪನ್ನು, ಸುರಿದು ಕೊಟ್ಟೆ. ಒಂದು ಗುಟುಕು ಕುಡಿದವರೇ ಮುಖ ಸಿಂಡರಿಸಿದರು. "ಕಹಿ ಇದೆ."

"ಸರ್, ಚಿಕ್ಕವರಿದ್ದಾಗ ಹಸಿ ಅಡಿಕೆ ಕಚ್ಚಿದ್ದು ನೆನಪಿದೆಯಾ?"

ಇನ್ನೊಂದು ಗುಟುಕು ಬಾಯಿಗೆ ಹಾಕಿಕೊಂಡು, ನಾಲಗೆಯನ್ನು ಅಂಗುಳಕ್ಕೆ ಉಜ್ಜುತ್ತ ಸ್ವಲ್ಪ ಹೊತ್ತು ಕೂತರು. ಆಮೇಲೆ ಗ್ಲಾಸನ್ನು ಮೇಲೆತ್ತಿ ಬೆಳಕಿಗೆ ಹಿಡಿದು ಹೇಳಿದರು: "ಅಯ್ಯೋ, ಇದು ಚೊಗರು!"

ಅಡಿಕೆ ಸೀಮೆಯವರಿಗೆ ಚೊಗರು ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ನೀರಿಗೆ ಇಳಿಯುವ ಕಡುಗೆಂಪು ರಸ ಅದು. ಕೆಂಪಡಿಕೆಗೆ ಬಣ್ಣ, ಹೊಳಪು ಬರುವುದು ಅದರಿಂದಲೇ. ಆ ರಸದ ಮುಖ್ಯ ಸರಕು ಟ್ಯಾನಿನ್. ಕೆಂಪು ವೈನಿನಲ್ಲಿ ಬಾಯಿ ಹಿಡಿಯುವುದೂ ಟ್ಯಾನಿನ್ನೇ. ಇಲ್ಲಿ ಅದು ಬರುವುದು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ. ಹೆಚ್ಚಿನ ಕಪ್ಪು ದ್ರಾಕ್ಷಿಗಳನ್ನು ಹಿಂಡಿದರೆ ಬರುವ ರಸಕ್ಕೆ ಬಣ್ಣವೇ ಇರುವುದಿಲ್ಲ. ಸಿಪ್ಪೆಯ ಜೊತೆಗೇ ಹುಳಿಯಲು ಬಿಟ್ಟಾಗ ಬಣ್ಣ, ಒಗರು ಎರಡೂ ರಸಕ್ಕೆ ಇಳಿಯುತ್ತವೆ. ಕುಡಿದಾಗ ಈ ಟ್ಯಾನಿನ್ ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಬಾಯಿಯ ಜಾರಿಕೆ ಹೋಗಿ ಕೆನ್ನೆಯ ಒಳಗೋಡೆ ಬಿಗಿದಂತಾಗುತ್ತದೆ. ಕಹಿ ಎಂಬುದು ರುಚಿ, ಹಾಗಲಕಾಯಿಯಲ್ಲಿದೆ. ಒಗರು ಎಂಬುದು ಮುಟ್ಟಿದ ಅನುಭವ, ನೇರಳೆ ಹಣ್ಣಿನಲ್ಲಿದೆ. ಇಂಗ್ಲಿಷಿನಲ್ಲಿ ವೈನ್ ಕಲಿಯುವ ಹುಡುಗರು ಈ ಎರಡನ್ನು ಬೇರ್ಪಡಿಸಲು ತಿಂಗಳುಗಟ್ಟಲೆ ಒದ್ದಾಡುವುದನ್ನು ನೋಡಿದ್ದೇನೆ. ಮನೆಯಲ್ಲಿ ಅಜ್ಜಿ ಬಳಸುತ್ತಿದ್ದ ಮಾತು ಬಾಯಲ್ಲೇ ಇದ್ದರೂ ಅದನ್ನು ತರಗತಿಯ ಹೊರಗೇ ಬಿಟ್ಟು ಬರುತ್ತಾರೆ.

ಇನ್ನು ಬಾಟಲಿಯ ವಿಷಯ. ಅದರ ಚೀಟಿಯ ಮೇಲೆ ಯಾವ ದ್ರಾಕ್ಷಿ ಎಂದು ಸಾಮಾನ್ಯವಾಗಿ ಬರೆದಿರುವುದಿಲ್ಲ, ಯಾವ ಸೀಮೆ ಎಂದಷ್ಟೇ ಇರುತ್ತದೆ. ನಂಜನಗೂಡು ರಸಬಾಳೆ ಎಂದರೆ ನಾವು ಊರ ಹೆಸರಿನಲ್ಲೇ ಹಣ್ಣನ್ನು ಗುರುತಿಸುವುದಿಲ್ಲವೇ, ಹಾಗೆ. ರೋನ್ ನದಿ ಸ್ವಿಟ್ಜರ್‌ಲೆಂಡಿನ ಹಿಮನದಿಯಲ್ಲಿ ಹುಟ್ಟಿ, ಜಿನೀವಾ ಸರೋವರ ಹಾದು, ಲಿಯೋಂ ಬಳಿ ದಕ್ಷಿಣಕ್ಕೆ ತಿರುಗಿ, ಅವಿನ್ಯೋಂ ಪಕ್ಕದಲ್ಲಿ ಹರಿದು ಮೆಡಿಟರೇನಿಯನ್ ಸೇರುತ್ತದೆ. ಅದರ ಕೆಳಭಾಗ, ಅವಿನ್ಯೋಂ ಸುತ್ತಮುತ್ತಲ ಬಿಸಿಲುಸೀಮೆ, ಮಿಶ್ರಣದ ಕೆಂಪು ವೈನುಗಳ ತವರು. ಕೋತ್ ದ್ಯು ರೋನ್ ಎಂಬ ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿದ್ದು 1937ರಲ್ಲಿ. ಅದಕ್ಕೂ 200 ವರ್ಷ ಮೊದಲೇ, 1737ರಲ್ಲಿ, ಅಲ್ಲಿನ ಪೀಪಾಯಿಗಳ ಮೇಲೆ ಸಿ.ಡಿ.ಆರ್. ಎಂದು ಕಾಯಿಸಿ ಮುದ್ರೆ ಒತ್ತಬೇಕೆಂಬ ರಾಜಾಜ್ಞೆ ಬಂದಿತ್ತು. ಕಲಬೆರಕೆಯ ಭಯ ಅಂದೂ ಇತ್ತು. ಈ ಸಾಮಾನ್ಯ ಹೆಸರಿನ ಮೇಲೆ 'ವಿಲಾಜ್' ಎಂಬ ದರ್ಜೆ, ಅದರ ಮೇಲೆ ಸ್ವಂತ ಹೆಸರಿನಲ್ಲೇ ಮಾರುವ ಜಿಗೊಂದಾಸ್, ವಾಕೆರಾಸ್‌ನಂಥ ಊರುಗಳಿವೆ. ಶುರು ಮಾಡುವವರಿಗೆ ವಿಲಾಜ್ ದರ್ಜೆ ಸಾಕು ಎಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ ಸುಂಕವೆಲ್ಲ ಸೇರಿ ಬೆಲೆ ಎಲ್ಲಿಗೋ ಹೋಗುತ್ತದೆ, ಹೆಸರಿಗೆ ದುಡ್ಡು ಸುರಿಯುವ ಮೊದಲು ನಾಲಗೆ ಪಳಗಲಿ.

ಆ ಊರುಗಳಲ್ಲಿ ಹೆಸರು ಮಾಡಿದ್ದು ಶಾತೋನಫ್ ದ್ಯು ಪಾಪ್, ಅಂದರೆ ಪೋಪರ ಹೊಸ ಕೋಟೆ. 1309ರಿಂದ 1377ರವರೆಗೆ ಪೋಪರು ರೋಮ್ ಬಿಟ್ಟು ಅವಿನ್ಯೋಂನಲ್ಲಿದ್ದರು. ಅವರ ಬೇಸಿಗೆಯ ಕೋಟೆಯ ಪಾಳು ಗೋಡೆ ಈಗಲೂ ಗುಡ್ಡದ ಮೇಲೆ ನಿಂತಿದೆ. ಅಲ್ಲಿನ ಎಷ್ಟೋ ತೋಟಗಳಲ್ಲಿ ಮಣ್ಣೇ ಕಾಣುವುದಿಲ್ಲ. ತೆಂಗಿನಕಾಯಿ ಗಾತ್ರದ ನುಣ್ಣನೆಯ ಕಲ್ಲುಗಳ ನಡುವಿನಿಂದ ಬಳ್ಳಿ ಎದ್ದಿರುತ್ತದೆ. ಹಿಂದೊಂದು ಕಾಲದಲ್ಲಿ ನದಿ ಉರುಳಿಸಿ ತಂದ ಕಲ್ಲುಗಳವು. ಹಗಲಿನ ಬಿಸಿಲನ್ನು ಹಿಡಿದಿಟ್ಟು ಸಂಜೆ ಹೊತ್ತಾದ ಮೇಲೂ ಕೈಗೆ ಬೆಚ್ಚಗೆ ತಾಗುತ್ತವೆ. ಉತ್ತರದಿಂದ ಮಿಸ್ತ್ರಾಲ್ ಎಂಬ ಗಾಳಿ ಬೀಸಿತೆಂದರೆ ಟೋಪಿ ಹಾರಿಹೋಗುತ್ತದೆ, ಆದರೆ ಅದೇ ಗಾಳಿ ಗೊನೆಗಳ ತೇವ ಒಣಗಿಸಿ ಬೂಷ್ಟು ಹಿಡಿಯದಂತೆ ಕಾಯುತ್ತದೆ. ಇಲ್ಲಿ 13 ಬಗೆಯ ದ್ರಾಕ್ಷಿಗೆ ಅನುಮತಿಯಿದೆ. ಒಂದೇ ತಳಿಯ ಬೇರೆ ಬೇರೆ ಬಣ್ಣಗಳನ್ನೂ ಎಣಿಸಿದರೆ 18. ಕಟಾವು ಕೈಯಲ್ಲೇ ಆಗಬೇಕು, ಯಂತ್ರ ನಿಷಿದ್ಧ. ನಿಷೇಧದಲ್ಲಿ ಈ ಊರಿನವರು ಎತ್ತಿದ ಕೈ: 1954ರಲ್ಲಿ ಊರ ಮೇಯರ್, ತಮ್ಮ ಸರಹದ್ದಿನಲ್ಲಿ ಹಾರುವ ತಟ್ಟೆಗಳು ಹಾರುವಂತಿಲ್ಲ, ಇಳಿಯುವಂತಿಲ್ಲ ಎಂದು ಅಧಿಕೃತ ಆದೇಶವನ್ನೇ ಹೊರಡಿಸಿದ್ದರು.

ಹದಿಮೂರಿದ್ದರೂ ಮುಖ್ಯ ಸಂಸಾರ ಮೂರರದ್ದು. ಗ್ರೆನಾಶ್, ಸಿರಾ, ಮೂರ್ವೆದ್ರ್. ಯಾಕೆ ಬೆರೆಸುತ್ತಾರೆ ಎಂದರೆ ರುಚಿಗಾಗಿ ಎಂದು ಎಲ್ಲರೂ ಹೇಳುತ್ತಾರೆ. ರೈತನನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ. ಹೂ ಬಿಡುವ ಹೊತ್ತಿಗೆ ಮಳೆಗಾಳಿ ಹೊಡೆದರೆ ಗ್ರೆನಾಶ್ ನಮ್ಮ ಮಾವಿನ ಮರದ ಹಾಗೆ ಹೂ ಉದುರಿಸಿಬಿಡುತ್ತದೆ. ಮೂರ್ವೆದ್ರ್ ತೀರಾ ತಡವಾಗಿ ಹಣ್ಣಾಗುವ ತಳಿ, ತಂಪು ವರ್ಷದಲ್ಲಿ ಕೈಕೊಡುತ್ತದೆ. ಅದಕ್ಕೆ ಮುಖ ಬಿಸಿಲಿನಲ್ಲಿರಬೇಕು, ಕಾಲು ನೀರಿನಲ್ಲಿರಬೇಕು ಎಂದು ಅಲ್ಲಿನವರು ಹೇಳುತ್ತಾರೆ. ಒಂದೇ ತಳಿಯನ್ನು ನಂಬಿ ಕೂತರೆ ಕೆಟ್ಟ ವರ್ಷದಲ್ಲಿ ಏನೂ ಸಿಗುವುದಿಲ್ಲ. ಒಂದೇ ಹೊಲದಲ್ಲಿ ಹಲವು ಬೆಳೆ ಹಾಕುವ ಅಕ್ಕಡಿ ಬೇಸಾಯ ಮಾಡುವವರಿಗೆ ಈ ಲೆಕ್ಕ ತಕ್ಷಣ ತಿಳಿಯುತ್ತದೆ.

ಬೆರೆಸುವ ಕೆಲಸವನ್ನು ಹತ್ತಿರದಿಂದ ನೋಡಿದ್ದು ಒಂದು ಫೆಬ್ರವರಿಯಲ್ಲಿ. ವೈನ್ ಮನೆಯ ಮೂಲೆಯ ಮೇಜು, ಮೇಲೆ ಮೂರು ಬಾಟಲಿ, 100 ಮಿಲಿಲೀಟರಿನ ಅಳತೆ ಗಾಜು, ಒಂದು ಪೆನ್ಸಿಲ್. ಹೊರಗೆ ಮಿಸ್ತ್ರಾಲ್ ಬಾಗಿಲನ್ನು ಬಡಿಯುತ್ತಿತ್ತು. ಮೊದಲು ಸಿಮೆಂಟ್ ತೊಟ್ಟಿಯಿಂದ ತೆಗೆದ ಗ್ರೆನಾಶ್. ತೆಳು ಬಣ್ಣ, ಬಾಯಿ ತುಂಬ ಕಳಿತ ಹಣ್ಣು, ಆದರೆ ನುಂಗಿದ ಕೂಡಲೇ ಗಂಟಲು ಬಿಸಿಯಾಗಿ ಎಲ್ಲ ಮುಗಿದುಹೋಗುತ್ತದೆ. ಸಿರಾ ಶಾಯಿಯಂತೆ ಕಪ್ಪು, ಮೂಗಿಗೆ ಮೆಣಸು, ಬಿಗಿಯಾದ ಒಗರು. ಮೂರ್ವೆದ್ರ್ ಅಂತೂ ಒಂಟಿಯಾಗಿ ಒರಟು: ತೊಗಲಿನ ವಾಸನೆ, ಕೆನ್ನೆ ಒಳಕ್ಕೆ ಎಳೆಯುವಷ್ಟು ಟ್ಯಾನಿನ್. ವೈನ್ ಮನೆಯ ಯಜಮಾನ 75 ಗ್ರೆನಾಶ್‌ಗೆ 25 ಸಿರಾ ಸುರಿದು ಕೊಟ್ಟ. ಚೆನ್ನಾಗಿಯೇ ಇತ್ತು. ನಂತರ 70, 20, ಜೊತೆಗೆ 10 ಮೂರ್ವೆದ್ರ್. ಅದರಲ್ಲಿ ನನಗೆ ತೊಗಲಿನ ಸುಳಿವೂ ಸಿಗಲಿಲ್ಲ, ಆದರೆ ಹಣ್ಣು ಬಾಯಲ್ಲಿ ನಿಂತಿತು, ಗಂಟಲಿನ ಉರಿ ಮರೆಯಾಯಿತು. ಮೂರ್ವೆದ್ರನ್ನು 20ಕ್ಕೆ ಏರಿಸಿದಾಗ ಹಣ್ಣೆಲ್ಲ ಮಾಯ, ಬರೀ ಚರ್ಮದ ಚಪ್ಪಲಿ ಉಳಿಯಿತು. ಹುಳಿಪುಡಿಗೆ ಮೆಂತ್ಯ ಹಾಕುವ ಅಳತೆ ಇದು. ಇದ್ದಾಗ ಕಾಣುವುದಿಲ್ಲ, ಬಿಟ್ಟರೆ ಗೊತ್ತಾಗುತ್ತದೆ, ಹೆಚ್ಚಾದರೆ ಬಾಯಿಗಿಡಲಾಗುವುದಿಲ್ಲ. ಆತ ಪೆನ್ಸಿಲ್ಲಿನಿಂದ 12 ಎಂದು ಬರೆದು, ಅದನ್ನೂ ಹೊಡೆದುಹಾಕಿ, ನಾಳೆ ಬೆಳಿಗ್ಗೆ ಮತ್ತೆ ನೋಡೋಣ ಎಂದು ದೀಪ ಆರಿಸಿದ.

ಈಗ ನಿಮ್ಮ ಮನೆಗೆ ಬರೋಣ. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕು ಎಂಬ ಮಾತು ಹೀಟರ್ ಬರುವುದಕ್ಕೆ ಮುಂಚಿನ ಯುರೋಪಿನ ಕೋಣೆಗಳದ್ದು. ಏಪ್ರಿಲ್ ತಿಂಗಳ ಬೆಂಗಳೂರಿನ ಕೋಣೆಯ ಕತೆ ಬೇರೆ. ಈ ವೈನಿಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ಹಿತ. 28 ಡಿಗ್ರಿಯಲ್ಲಿ ಸುರಿದರೆ ಗ್ರೆನಾಶಿನ ಆಲ್ಕೊಹಾಲ್ ಮಾತ್ರ ಮೂಗಿಗೆ ರಾಚುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ, ಯಾರು ನಕ್ಕರೂ ಪರವಾಗಿಲ್ಲ. ಗ್ಲಾಸಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಮೇಲಿನ ಖಾಲಿ ಜಾಗ ಪರಿಮಳಕ್ಕೆ ಬೇಕು. ಎಳೆಯ ವೈನಾದರೆ ಗಾಜಿನ ಜಗ್ಗಿಗೆ ಬಗ್ಗಿಸಿ ಅರ್ಧ ಗಂಟೆ ಗಾಳಿಯಾಡಲು ಬಿಡಬಹುದು. ಗ್ಲಾಸ್ ತಿರುಗಿಸಿದಾಗ ಒಳಗೋಡೆಯ ಮೇಲೆ ಇಳಿಯುವ ಹನಿಗೆರೆಗಳನ್ನು ತೋರಿಸಿ ಒಳ್ಳೆಯ ವೈನ್ ಎನ್ನುವವರಿದ್ದಾರೆ. ಅದು ಆಲ್ಕೊಹಾಲ್ ಬೇಗ ಆವಿಯಾಗುವುದರಿಂದ ಆಗುವ ಆಟ, ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಮೂಗಿಗೆ ಏನು ಬಂತು ಎಂದು ಕೇಳಿದರೆ ಹೊಸಬರು ಪುಸ್ತಕದಲ್ಲಿ ಓದಿದ ಬ್ಲ್ಯಾಕ್‌ಕರಂಟ್, ರಾಸ್ಪ್‌ಬೆರಿ ಹೇಳುತ್ತಾರೆ. ತಿಂದಿದ್ದೀರಾ ಎಂದರೆ ಇಲ್ಲ. ತಿನ್ನದ ಹಣ್ಣಿನ ನೆನಪು ಎಲ್ಲಿಂದ ಬರಬೇಕು? ನೇರಳೆ ಅನ್ನಿ, ಕೋಕಂ ಅನ್ನಿ, ಒಣದ್ರಾಕ್ಷಿ, ಲವಂಗ, ಮಳೆ ಬಿದ್ದ ಮಣ್ಣು ಅನ್ನಿ. ಶಿರಸಿಯವರ ಹೆಂಡತಿ ಒಮ್ಮೆ "ಕವಳದ ಸಂಚಿ ಬಿಚ್ಚಿದ ಹಾಗೆ" ಎಂದರು, ಅಂದರೆ ಎಲೆಅಡಿಕೆಯ ಚೀಲ. ಆ ವೈನಿಗೆ ಅಷ್ಟು ಸರಿಯಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ಒದ್ದೆ ಗೋಣಿಚೀಲದ ವಾಸನೆ ಬಂದರೆ ಮಾತ್ರ ಅನುಮಾನ ಪಡಿ, ಅದು ಬಿರಡೆಯಲ್ಲಿನ ಒಂದು ರಾಸಾಯನಿಕದಿಂದ ಬರುವ ಕೇಡು. ಕಾಫಿ ಬೀಜಕ್ಕೂ ಕೆಲವೊಮ್ಮೆ ಅದೇ ರಾಸಾಯನಿಕ ಹತ್ತುವುದರಿಂದ ಕಾಫಿ ರುಚಿ ನೋಡುವವರು ಇದನ್ನು ಥಟ್ಟನೆ ಹಿಡಿಯುತ್ತಾರೆ. ಇನ್ನೊಂದು ಕೇಡು ಬಿಸಿಲಿನದು. ನಾನೊಮ್ಮೆ ಒಂದು ಅಂಗಡಿಯಿಂದ ದುಬಾರಿ ಬಾಟಲಿ ತಂದು ತರಗತಿಯ ಮುಂದೆ ಜಂಬದಿಂದ ತೆರೆದೆ. ಬಿರಡೆ ಆಗಲೇ ಒಂದು ಕೂದಲೆಳೆಯಷ್ಟು ಮೇಲೆದ್ದಿತ್ತು, ಗಮನಿಸಿರಲಿಲ್ಲ. ಒಳಗಿದ್ದದ್ದು ಕುದಿಸಿದ ಜಾಮ್. ಅಂದಿನಿಂದ ಕಿಟಕಿಯ ಬಿಸಿಲಿಗೆ ನಿಲ್ಲಿಸಿದ ಬಾಟಲಿಯನ್ನು ಯಾವ ಬೆಲೆಗೂ ಕೊಳ್ಳುವುದಿಲ್ಲ.

ಊಟದ ಜೊತೆ ಬ್ಯಾಡಗಿಯ ಬಣ್ಣ ಓಡುತ್ತದೆ, ಗುಂಟೂರಿನ ಖಾರ ಓಡುವುದಿಲ್ಲ. ಹಸಿಮೆಣಸಿನ ಉರಿ ಆಲ್ಕೊಹಾಲಿನ ಉರಿಯನ್ನು ಹೆಚ್ಚಿಸುತ್ತದೆ, ಎರಡೂ ಸೇರಿ ಬಾಯಿಗೆ ಬೆಂಕಿ. ಕಾಳುಮೆಣಸಿನ ಖಾರ ಬೇರೆ, ಅದು ಸಿರಾಗೆ ನೆಂಟ. ಕೊಡಗಿನ ಪಂದಿಕರಿಗೆ ಈ ವೈನ್ ಹೊಂದುವುದು ಅದಕ್ಕೇ. ಜೊತೆಗೆ ಕಾಚಂಪುಳಿಯ ಹುಳಿಯ ಎದುರು ವೈನಿನ ಹುಳಿ ಮೆತ್ತಗಾಗುತ್ತದೆ. ಮಾಂಸ ತಿನ್ನದವರಿಗೆ ನಾನು ಹೇಳುವುದು ಸುಟ್ಟ ಬದನೆಕಾಯಿ ಗೊಜ್ಜು, ಬೆಲ್ಲ ಮಾತ್ರ ಹಾಕದೆ. ಸಿಹಿ ಎದುರಿಗೆ ಬಂದರೆ ವೈನ್ ಹುಳಿಹುಳಿಯಾಗಿ, ನಿಜಕ್ಕೂ ಕಹಿಯಾಗಿ ಕಾಣುತ್ತದೆ.

ಮೆಣಸಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಸಿರಾದಲ್ಲಿ ಮೆಣಸಿನ ವಾಸನೆ ಬರುವುದು ಉಪಮೆಯಲ್ಲ. ರೊಟುಂಡೋನ್ ಎಂಬ ವಸ್ತು ಕಾಳುಮೆಣಸಿನಲ್ಲೂ ಸಿರಾದ ಸಿಪ್ಪೆಯಲ್ಲೂ ಇದೆ ಎಂದು ಆಸ್ಟ್ರೇಲಿಯಾದ ವೈನ್ ಸಂಶೋಧಕರು 2008ರಲ್ಲಿ ತೋರಿಸಿದರು. ಲೀಟರಿಗೆ 16 ನ್ಯಾನೊಗ್ರಾಂ, ಅಂದರೆ ಗ್ರಾಮನ್ನು 100 ಕೋಟಿ ಪಾಲು ಮಾಡಿ ಅದರಲ್ಲಿ 16 ಪಾಲು ಇದ್ದರೂ ಕೆಂಪು ವೈನಿನಲ್ಲಿ ಮೂಗು ಗುರುತಿಸುತ್ತದೆ. ತಂಪು ಜಾಗದಲ್ಲಿ ಬೆಳೆದ ಸಿರಾದಲ್ಲಿ ಇದು ಹೆಚ್ಚು. ನಂದಿ ಬೆಟ್ಟದ ತಪ್ಪಲಿನಲ್ಲಿ ಬೆಳೆಯುವ ಶಿರಾಜ್ ಕೂಡ ಇದೇ ತಳಿ, ಪಕ್ಕಪಕ್ಕದಲ್ಲಿಟ್ಟು ಮೂಸಿ ನೋಡಿ. ಆದರೆ ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ರೊಟುಂಡೋನ್ ತಾಗುವುದೇ ಇಲ್ಲ.

ನಮ್ಮ ಶಿರಸಿಯ ಯಜಮಾನರು ಆ ಒಬ್ಬರು. ಹೆಂಡತಿ ಗ್ಲಾಸಿಗೆ ಮೂಗಿಟ್ಟ ಕೂಡಲೇ "ಒಳ್ಳೆ ಮೆಣಸು" ಎಂದರು. ಇವರು ತಿರುಗಿಸಿದರು, ಮೂಸಿದರು, ಕುಡಿದರು, ಮತ್ತೆ ಮೂಸಿದರು. "ಅಡಿಕೆ ಮರಕ್ಕೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿರೋ ತೋಟದಲ್ಲಿ ಹುಟ್ಟಿ ಬೆಳೆದವನು ನಾನು ಮೇಡಂ, ನಂಗೆ ಗೊತ್ತಾಗಲ್ಲ ಅಂದ್ರೆ?" ಎಂದು ನಿಜಕ್ಕೂ ಬೇಸರ ಮಾಡಿಕೊಂಡರು. ಮುಂದಿನ ಶನಿವಾರ ಮನೆಯ ಮೆಣಸನ್ನೇ ಪೊಟ್ಟಣ ಕಟ್ಟಿ ತಂದು, ನನ್ನ ಮೇಜಿನ ಮೇಲೆ ನಾಲ್ಕು ಕಾಳು ಜಜ್ಜಿ, "ಇದರ ವಾಸನೆ ಬರತ್ತಲ್ಲ ನೋಡಿ" ಎಂದರು. ಮೆಣಸಿನಲ್ಲಿ ಬೇರೆ ಪರಿಮಳಗಳೂ ಬೇಕಾದಷ್ಟಿವೆ ಸರ್, ನಿಮ್ಮ ಮೂಗು ಅವನ್ನು ಹಿಡಿಯುತ್ತಿದೆ ಎಂದೆ. ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ಮುಂದಿನ ವೈನ್ ಸುರಿದಾಗ ಮಾತ್ರ ಗ್ಲಾಸನ್ನು ಮೊದಲು ಹೆಂಡತಿಯ ಕಡೆಗೆ ಸರಿಸಿದರು. "ಮೆಣಸು ಇದ್ಯಾ ನೀನು ಹೇಳು. ಒಗರು ಎಷ್ಟಿದೆ ಅಂತ ನಾನು ಹೇಳ್ತೇನೆ."